ಕರೆಂಟಿನ ಬಾಯ್ಲರು: ಕೊಳ್ಳುವ ಮೊದಲು ಮೂರು ಲೆಕ್ಕ

“ಮಾಷ್ಟ್ರೇ, ನಿಮ್ಮಲ್ಲಿ ಕರೆಂಟಿನ ಬಾಯ್ಲರು ಹಾಕಿಸಿದ್ದೀರಂತೆ. ಒಟ್ಟು ಎಷ್ಟು ಬಿತ್ತು?”

ಕಳೆದ ಮಳೆಗಾಲದಿಂದ ಈಚೆಗೆ ಈ ಪ್ರಶ್ನೆಯನ್ನು ನನ್ನಲ್ಲಿ ಕೇಳದವರೇ ಕಡಿಮೆ. ಹಾಲಿನ ಸೊಸೈಟಿಯ ಜಗಲಿಯಲ್ಲಿ ಕೇಳುತ್ತಾರೆ, ಬಸ್ಸಿಗೆ ಕಾಯುವಾಗ ಕೇಳುತ್ತಾರೆ, ಶಾಲೆಗೆ ಮಗುವನ್ನು ಬಿಡಲು ಬಂದವರೂ ಕೇಳುತ್ತಾರೆ. ಕೇಳುವವರು ಒಂದು ಸಂಖ್ಯೆಯ ಉತ್ತರವನ್ನು ಬಯಸುತ್ತಾರೆ. ನಾನಾದರೋ ಮೂರು ಲೆಕ್ಕ ಹೇಳಲು ತೊಡಗುತ್ತೇನೆ. ಅಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ. ಆದುದರಿಂದ ಆ ಮೂರು ಲೆಕ್ಕಗಳನ್ನೂ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ಕೊಳ್ಳುವ ಲೆಕ್ಕ, ಎರಡನೆಯದು ಕೂರಿಸುವ ಲೆಕ್ಕ, ಮೂರನೆಯದು ದಿನದಿನವೂ ನಡೆಸುವ ಲೆಕ್ಕ. ಅಂಗಡಿಯವರು ಹೇಳುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ನಾವು ಮರೆಯುತ್ತೇವೆ. ಮೂರನೆಯದು ಎರಡು ತಿಂಗಳು ಕಳೆದು ಬಿಲ್ಲಿನ ರೂಪದಲ್ಲಿ ಬಂದಾಗಲೇ ನೆನಪಾಗುವುದು. ಎರಡನೆಯದನ್ನು ಮರೆತುದರಿಂದ ನಮ್ಮ ಮನೆಯಲ್ಲಿ ಏನಾಗಬೇಕಿತ್ತೆಂಬುದನ್ನು ಮೊದಲು ಹೇಳಿ, ಆಮೇಲೆ ಲೆಕ್ಕಕ್ಕೆ ಬರುತ್ತೇನೆ.

ಹಂಡೆಯ ಕಾಲ

ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಅಡಿಕೆ ತೋಟದ ಮನೆ. ಆರು ಮಂದಿ ಇದ್ದೇವೆ. ಬಚ್ಚಲುಕೊಟ್ಟಗೆಯಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆಯಿದೆ. ಅದರ ಒಲೆಗೆ ತೋಟದ ಸೋಗೆ, ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ, ಒಣಗಿದ ಕೊಂಬೆ ಎಲ್ಲವೂ ಆಗುತ್ತದೆ. “ನಮಗೇಕೆ ಕರೆಂಟು? ತೋಟವಿರುವ ತನಕ ಬಿಸಿನೀರು ಪುಕ್ಕಟೆ” ಎಂದು ನಾನೇ ಎಷ್ಟೋ ಸಲ ಹೇಳಿದ್ದುಂಟು.

ಆದರೆ ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರು ದಾಟುವ ಮಳೆ. ಮೇ ತಿಂಗಳಲ್ಲಿ ಎಷ್ಟೇ ಕಟ್ಟಿಗೆ ಕೂಡಿಟ್ಟರೂ ಆಗಸ್ಟಿನ ಹೊತ್ತಿಗೆ ಅದು ತಂಡಿ ಹಿಡಿಯುತ್ತದೆ. ಬೆಳಗಿನ ಐದು ಗಂಟೆಗೆ ಎದ್ದು ಊದುಕೊಳವೆ ಹಿಡಿದು ಕೂರುವವಳು ಮನೆಯವಳು. ಹೊಗೆ ಕುಡಿದು ಕೆಮ್ಮುವವರು ಅಮ್ಮ. ಎಪ್ಪತ್ತೆಂಟು ವರ್ಷದ ಅಮ್ಮನಿಗೆ ವೈದ್ಯರು ಹೊಗೆಯಿಂದ ದೂರವಿರಬೇಕೆಂದು ಹೇಳಿದ ಮೇಲೆ ನಾವು ಬಾಯ್ಲರಿನ ಮಾತು ಎತ್ತಿದೆವು. ಪಟ್ಟಣದವರು ಗೀಸರ್ ಎನ್ನುವುದು ಇದನ್ನೇ.

ನಲ್ಲಿ ಕಚ್ಚಿದ ದಿನ

ಪೇಟೆಯ ಅಂಗಡಿಯೊಂದರಿಂದ 25 ಲೀಟರು ಹಿಡಿಯುವ, 2,000 ವಾಟಿನ ಬಾಯ್ಲರು ತಂದೆವು. 9,400 ರೂಪಾಯಿ. ಒಳ್ಳೆಯ ಸಾಮಾನು, ಅದರ ಬಗ್ಗೆ ನನಗೆ ಈಗಲೂ ದೂರಿಲ್ಲ. ಕೂರಿಸಲು ಬಂದವನು ಅರ್ಧ ದಿನದಲ್ಲಿ ಕೆಲಸ ಮುಗಿಸಿ, ಕರೆಂಟಿನ ಕೆಲಸಕ್ಕೆಂದು 700 ರೂಪಾಯಿ ಕೇಳಿದ. ಬಚ್ಚಲಿನ ದೀಪಕ್ಕೆ ಬಂದಿದ್ದ ಹಳೆಯ ವಯರಿನಿಂದಲೇ ಒಂದು ಕವಲು ಎಳೆದಿದ್ದ. “ಅರ್ತ್ ಬೇಡವೇ?” ಎಂದು ಕೇಳಿದೆ. “ಎಲ್ಲ ಮನೆಯಲ್ಲೂ ಹೀಗೇ ಇರುವುದು ಮಾಷ್ಟ್ರೇ, ಏನೂ ಆಗುವುದಿಲ್ಲ” ಎಂದ. ನಾನೂ ಸುಮ್ಮನಾದೆ. ಸಾವಿರಗಟ್ಟಲೆ ಖರ್ಚು ಉಳಿಯಿತಲ್ಲ ಎಂದು ಮನಸ್ಸಿನಲ್ಲಿ ಸಮಾಧಾನವನ್ನೂ ಪಟ್ಟೆ. ತಪ್ಪು ಅವನದು ಮಾತ್ರವಲ್ಲ, ನನ್ನದೂ ಹೌದು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅಮ್ಮ ಬಚ್ಚಲಿನಿಂದ ಕರೆದರು. “ಮಗಾ, ಈ ನಲ್ಲಿ ಕಚ್ಚುತ್ತದೆ” ಎಂದರು. ಇರುವೆಯೋ ಏನೋ ಎಂದುಕೊಂಡು ಒಳಗೆ ಹೋದೆ. ಅಮ್ಮ ಮಣೆಯ ಮೇಲೆ ಕಾಲಿಟ್ಟು ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ನಾನು ಕೂಡಲೇ ಹೊರಗೆ ಓಡಿ ಮೈನ್ ಸ್ವಿಚ್ಚು ಇಳಿಸಿದೆ. ಗೋಡೆಯೊಳಗಿನ ಹಳೆಯ ವಯರಿನ ಮೇಲ್ಹೊದಿಕೆ ಬಿಸಿಯಿಂದ ಕರಗಿ, ಕರೆಂಟು ಲೋಹದ ಪೈಪಿಗೂ ನಲ್ಲಿಗೂ ಇಳಿದಿತ್ತು. ಅಮ್ಮನ ಕಾಲಡಿಯಲ್ಲಿ ಒಣಮರದ ಮಣೆ ಇದ್ದುದರಿಂದ ಅದು “ಕಚ್ಚುವ”ಷ್ಟಕ್ಕೆ ನಿಂತಿತು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ ಒಂದು ತಿಂಗಳು ಅಮ್ಮ ಬಾಯ್ಲರಿನ ಹತ್ತಿರ ಸುಳಿಯಲಿಲ್ಲ. ಹಂಡೆಗೇ ಮರಳಿದೆವು. ಆ ತಿಂಗಳಲ್ಲಿ ನಾನು ಕೂತು ಕಲಿತದ್ದೇ ಮುಂದಿನ ಲೆಕ್ಕ.

ಕೂರಿಸುವ ಲೆಕ್ಕ

2,000 ವಾಟಿನ ಬಾಯ್ಲರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರು ಎಳೆಯುತ್ತದೆ. 3,000 ವಾಟಿನದ್ದಾದರೆ 13. ದೀಪ, ಫ್ಯಾನುಗಳಿಗೆಂದು ಹಾಕಿದ ಸಣ್ಣ ವಯರು ಇಷ್ಟನ್ನು ತಾಳುವುದಿಲ್ಲ. ನೊಗಕ್ಕೆ ಕರುವನ್ನು ಕಟ್ಟಿದಂತೆ ಆಗುತ್ತದೆ. ಆದುದರಿಂದ ಮೈನ್ ಬೋರ್ಡಿನಿಂದ ಬಾಯ್ಲರಿಗೆಂದೇ ಪ್ರತ್ಯೇಕ ತಾಮ್ರದ ವಯರು ಬರಬೇಕು. 2,000 ವಾಟಿಗೆ 2.5 ಚದರ ಮಿಲ್ಲಿಮೀಟರಿನ ವಯರು ಸಾಕು. 3,000 ವಾಟಿನದ್ದಕ್ಕೆ, ದೂರವೂ ಹೆಚ್ಚಿದ್ದರೆ, 4 ಚದರ ಮಿಲ್ಲಿಮೀಟರಿನದ್ದು ಲೇಸು. ಅದಕ್ಕೆ ಅದರದೇ ಎಂ.ಸಿ.ಬಿ., 16 ಆಂಪಿಯರಿನ ಸ್ವಿಚ್ಚು ಮತ್ತು ಪ್ಲಗ್ಗು ಬೇಕು. ಸ್ವಿಚ್ಚು ನೀರು ಚಿಮ್ಮದ ಜಾಗದಲ್ಲಿ, ಸಾಧ್ಯವಿದ್ದರೆ ಬಚ್ಚಲಿನ ಹೊರಗೆ ಇರಬೇಕು.

ಇನ್ನು ಅರ್ತ್. ಬಾಯ್ಲರಿನ ಒಳಗಿನ ಕಾಯಿಲು ಒಡೆದರೆ ಅಥವಾ ವಯರು ಸೋರಿದರೆ ಕರೆಂಟು ಎಲ್ಲಾದರೂ ಭೂಮಿಗೆ ಇಳಿಯುವ ದಾರಿ ಹುಡುಕುತ್ತದೆ. ನಾವು ಅರ್ತಿನ ದಾರಿಯನ್ನು ಮಾಡಿಕೊಟ್ಟರೆ ಅದರಲ್ಲಿ ಇಳಿಯುತ್ತದೆ. ಮಾಡದಿದ್ದರೆ ನಲ್ಲಿ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಇದರ ಜತೆಗೆ ನಮ್ಮ ಕಡೆ ಎಲ್ಲರೂ ಇ.ಎಲ್.ಸಿ.ಬಿ. ಎನ್ನುವ ರಕ್ಷಣಾ ಸ್ವಿಚ್ಚು ಇರಲೇಬೇಕು. ಈಗ ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಲ್ಲಿ ಸಿಗುತ್ತದೆ. ಹೋದ ಕರೆಂಟು ಅಷ್ಟೇ ಮರಳಿ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲ್ಲಿ ಆಂಪಿಯರಿನಷ್ಟು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಎಂ.ಸಿ.ಬಿ. ಇದ್ದರೆ ಸಾಕೆಂದು ತಿಳಿಯಬೇಡಿ. ಎಂ.ಸಿ.ಬಿ. ವಯರನ್ನು ಕಾಯುತ್ತದೆ, ಇ.ಎಲ್.ಸಿ.ಬಿ. ಮನುಷ್ಯನನ್ನು ಕಾಯುತ್ತದೆ.

ನಮ್ಮ ಮನೆಯ ಖರ್ಚನ್ನು ಚೀಟಿ ನೋಡಿ ಬರೆಯುತ್ತೇನೆ. ಊರೂರಿಗೆ ಕೂಲಿಯೂ ಬೆಲೆಯೂ ಬೇರೆಯಾದರೂ ಅಂದಾಜಿಗೆ ಸಾಕು.

ಬಾಯ್ಲರು: 9,400 ರೂಪಾಯಿ
ಬಿಸಿನೀರಿನ ಪೈಪು, ನಲ್ಲಿ, ವಾಲ್ವು: 1,650
ತಾಮ್ರದ ವಯರು ಮತ್ತು ಅದರ ಪೈಪು: 2,300
ಎಂ.ಸಿ.ಬಿ., ಸ್ವಿಚ್ಚು, ಪ್ಲಗ್ಗು: 650
ಇ.ಎಲ್.ಸಿ.ಬಿ.: 1,900
ಅರ್ತಿನ ಗುಂಡಿ, ಪೈಪು, ಇದ್ದಿಲು, ಉಪ್ಪು ಸಹಿತ: 2,600
ವಯರಿಂಗಿನವರ ಎರಡು ದಿನದ ಸಂಬಳ: 2,200
ಪೈಪಿನ ಕೆಲಸದವರ ಒಂದು ದಿನದ ಸಂಬಳ: 1,100
ಒಟ್ಟು: 21,800 ರೂಪಾಯಿ

ಅಂದರೆ 9,400ರ ಬಾಯ್ಲರು ಗೋಡೆಗೆ ಏರಿ ನಿರ್ಭಯವಾಗಿ ನೀರು ಕೊಡುವಾಗ ಎರಡು ಪಾಲಿಗಿಂತ ಹೆಚ್ಚಾಯಿತು. ಮೊದಲ ಸಲ ಕೊಟ್ಟ 700 ಇದರಲ್ಲಿ ಸೇರಿಲ್ಲ. ಅದು ನೀರಿನಲ್ಲಿ ಹೋಮ. ಆ ದಿನ ನಾನು ಉಳಿಸಿದೆನೆಂದುಕೊಂಡದ್ದು ಒಂಬತ್ತು ಸಾವಿರ ರೂಪಾಯಿ. ಕಳೆದುಕೊಳ್ಳುವುದಕ್ಕಿದ್ದುದು ಅಮ್ಮನನ್ನು. ವಾಚಕರು ಈ ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಬೇಕು.

ಇನ್ನೆರಡು ಮಾತು. ಬಿಸಿನೀರಿಗೆ ಸಾಮಾನ್ಯ ಪಿ.ವಿ.ಸಿ. ಪೈಪು ಆಗದು, ಮೆತ್ತಗಾಗುತ್ತದೆ, ಸಿ.ಪಿ.ವಿ.ಸಿ. ಎಂಬುದೇ ಬೇಕು. ಮತ್ತು ಬಾಯ್ಲರಿಗೆ ನೀರು ಮೇಲಿನಿಂದ ಇಳಿದು ಬರಬೇಕು. ಬಾವಿಯಿಂದ ಸೇದಿ ಹೊರುವ ಮನೆಗಳಲ್ಲಿ ಮೊದಲು ಟ್ಯಾಂಕು, ಅದಕ್ಕೆ ಪಂಪು, ನಿಲ್ಲಿಸಲು ಕಟ್ಟೆ ಆಗಬೇಕು. ಅದನ್ನೂ ಸೇರಿಸಿದರೆ ಲೆಕ್ಕ ಇಮ್ಮಡಿಯಾಗಲೂಬಹುದು.

ನಡೆಸುವ ಲೆಕ್ಕ: ತಲೆಗೆ ಅರ್ಧ ಯುನಿಟ್ಟು

ಇದನ್ನು ನಾನು ಏಳನೆಯ ತರಗತಿಯ ಮಕ್ಕಳಿಗೂ ಮಾಡಿಸಿದ್ದೇನೆ; ಕಷ್ಟವೇನಿಲ್ಲ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯುನಿಟ್ಟು ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲೊರಿ ಶಾಖವಿದೆ. ಈ ಎರಡು ಸಂಖ್ಯೆ ಗೊತ್ತಿದ್ದರೆ ಉಳಿದುದೆಲ್ಲ ಗುಣಾಕಾರ, ಭಾಗಾಕಾರ.

ನಮ್ಮ ಬಾವಿಯ ನೀರು 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೈಗೆ ಹಿತವಾದ ಬಿಸಿನೀರು 41 ಡಿಗ್ರಿ. ಏರಿಸಬೇಕಾದುದು 14 ಡಿಗ್ರಿ. ಒಬ್ಬರಿಗೆ 25 ಲೀಟರಿನಂತೆ ಆರು ಮಂದಿಗೆ 150 ಲೀಟರು. 150ನ್ನು 14ರಿಂದ ಗುಣಿಸಿದರೆ 2,100 ಕಿಲೋಕ್ಯಾಲೊರಿ. ಅದನ್ನು 860ರಿಂದ ಭಾಗಿಸಿದರೆ ಎರಡೂವರೆ ಯುನಿಟ್ಟಿಗೆ ಸ್ವಲ್ಪ ಕಡಿಮೆ. ಪೈಪಿನಲ್ಲಿ ಆರುವುದು, ತೊಟ್ಟಿಯ ಮೈಯಿಂದ ಹೋಗುವುದು ಎಲ್ಲ ಸೇರಿಸಿ ಮೂರು ಯುನಿಟ್ಟು ಎಂದು ಹಿಡಿಯೋಣ. ನಾನು ಹೊತ್ತಾರೆ ಮೀಟರು ನೋಡಿ, ಸ್ನಾನ ಮುಗಿದ ಮೇಲೆ ಪುನಃ ನೋಡಿ ಬರೆದಿಟ್ಟ ಲೆಕ್ಕವೂ ಇದಕ್ಕೆ ಸರಿಸುಮಾರಾಗಿ ಒಪ್ಪುತ್ತದೆ.

ನೆನಪಿಟ್ಟುಕೊಳ್ಳಲು ಸುಲಭದ ಸೂತ್ರ: ದಿನಕ್ಕೆ ತಲೆಗೆ ಅರ್ಧ ಯುನಿಟ್ಟು. ಇಬ್ಬರಿರುವ ಮನೆಗೆ ಒಂದು, ನಾಲ್ವರಿಗೆ ಎರಡು, ಆರು ಮಂದಿಗೆ ಮೂರು. ಎರಡು ಹೊತ್ತು ಮೀಯುವವರಾದರೆ ಇಮ್ಮಡಿ. ನೀಲಗಿರಿ, ವಯನಾಡುಗಳಂತಹ ಚಳಿಯ ಊರುಗಳಲ್ಲಿ ನೀರು ಮೊದಲೇ ತಣ್ಣಗಿರುವುದರಿಂದ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಯುನಿಟ್ಟಿಗೆ 7 ರೂಪಾಯಿ ಬೀಳುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 21 ರೂಪಾಯಿ. ವರ್ಷಕ್ಕೆ 1,095 ಯುನಿಟ್ಟು, 7,665 ರೂಪಾಯಿ. ಬಾಯ್ಲರು ಎಂಟು ವರ್ಷ ಬಾಳುತ್ತದೆಂದು ಹಿಡಿದರೆ ಅದರ ಸವೆತ ವರ್ಷಕ್ಕೆ 1,175. ವಯರು, ಅರ್ತು, ಪೈಪುಗಳು ಇಪ್ಪತ್ತು ವರ್ಷ ಬಾಳಿದರೆ ವರ್ಷಕ್ಕೆ 620. ರಿಪೇರಿಗೆ 600 ತೆಗೆದಿಡಿ. ಒಟ್ಟು ವರ್ಷಕ್ಕೆ 10,060; ದಿನಕ್ಕೆ ಇಪ್ಪತ್ತೇಳೂವರೆ ರೂಪಾಯಿ. ಎಂದರೆ ಎಂಟು ವರ್ಷದಲ್ಲಿ ಬರಿಯ ಕರೆಂಟಿಗೇ ಅರುವತ್ತೊಂದು ಸಾವಿರ. ಅಂಗಡಿಯಲ್ಲಿ ಐನೂರು ರೂಪಾಯಿಗೆ ಚೌಕಾಸಿ ಮಾಡುವ ನಾವು ಈ ಅರುವತ್ತೊಂದು ಸಾವಿರದ ಕಡೆ ಕಣ್ಣು ಹಾಯಿಸುವುದೇ ಇಲ್ಲ.

ಬಿಲ್ಲಿನ ಮೆಟ್ಟಿಲುಗಳು

7 ರೂಪಾಯಿ ಎಂದು ನಾನು ಹಿಡಿದದ್ದು ಅಂದಾಜು. ನಿಮ್ಮ ದರವನ್ನು ನಿಮ್ಮ ಬಿಲ್ಲಿನಲ್ಲೇ ನೋಡಬೇಕು. ಆದರೆ ಸರಾಸರಿ ದರವನ್ನು ನೋಡಬೇಡಿ. ವಿದ್ಯುತ್ತಿನ ದರ ಮೆಟ್ಟಿಲಿನಂತೆ ಏರುತ್ತದೆ. ದೀಪ, ಫ್ಯಾನು, ಫ್ರಿಜ್ಜು, ಮಿಕ್ಸಿಗಳು ಕೆಳಗಿನ ಮೆಟ್ಟಿಲುಗಳನ್ನು ಆಗಲೇ ತುಂಬಿಸಿರುತ್ತವೆ. ಹೊಸದಾಗಿ ಬರುವ ಬಾಯ್ಲರಿನ ಯುನಿಟ್ಟುಗಳು ಕೂರುವುದು ಮೇಲಿನ ಮೆಟ್ಟಿಲಲ್ಲಿ. ಆದುದರಿಂದ ನಿಮ್ಮ ಬಿಲ್ಲಿನ ಕೊನೆಯ ಮೆಟ್ಟಿಲಿನ ದರವೇ ಬಾಯ್ಲರಿನ ದರ.

ಕೇರಳದಲ್ಲಿರುವ ನಮಗೆ ಇನ್ನೊಂದು ಎಚ್ಚರವೂ ಬೇಕು. ತಿಂಗಳಿಗೆ 250 ಯುನಿಟ್ಟಿನ ವರೆಗೆ ಆಯಾ ಮೆಟ್ಟಿಲಿಗೆ ಆಯಾ ದರ. ಅದನ್ನು ದಾಟಿದರೆ ಮೊದಲ ಯುನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ಹೆಚ್ಚಿನ ದರ. 2024ರ ಡಿಸೆಂಬರಿನಲ್ಲಿ ದರ ಪರಿಷ್ಕರಿಸಿದಾಗಲೂ ಈ ಕ್ರಮ ಉಳಿಯಿತು. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಗೆರೆ ಇರುವುದು 500ರಲ್ಲಿ. ಈಗ 300 ಯುನಿಟ್ಟು ಉರಿಸುವ ಮನೆಗೆ ಬಾಯ್ಲರಿನ 180 ಸೇರಿದರೆ 480, ತೊಂದರೆಯಿಲ್ಲ. 400 ಉರಿಸುವ ಮನೆಗೆ ಅದೇ 180 ಸೇರಿದರೆ 580; ಗೆರೆ ದಾಟಿತು. ಆಗ ಬಾಯ್ಲರಿನ ಖರ್ಚು ಮಾತ್ರವಲ್ಲ, ದೀಪದ ಖರ್ಚೂ ಏರಿತು. ಕೊಳ್ಳುವ ಮೊದಲು ಕಳೆದ ಆರು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದಕ್ಕೂ 180ನ್ನು ಕೂಡಿಸಿ ನೋಡುವುದು ಜಾಣತನ.

ಗಡಿಯಾಚೆಯ ನೆಂಟರ ಮಾತಿಗೆ ಮರುಳಾಗಬಾರದು. ವಿಟ್ಲ, ಪುತ್ತೂರು ಕಡೆಯ ಬಂಧುಗಳು “ನಮ್ಮಲ್ಲಿ ಬಾಯ್ಲರು ಹಾಕಿದ ಮೇಲೂ ಬಿಲ್ಲು ಸೊನ್ನೆ” ಎಂದು ಹೇಳುವುದುಂಟು. ಕರ್ನಾಟಕ ಸರಕಾರ 2023ರಲ್ಲಿ ಗೃಹಜ್ಯೋತಿ ಎಂಬ ಯೋಜನೆಯನ್ನು ತಂದು, ಗೊತ್ತಾದ ಮಿತಿಯೊಳಗೆ, ಹೆಚ್ಚೆಂದರೆ ತಿಂಗಳಿಗೆ 200 ಯುನಿಟ್ಟಿನ ವರೆಗೆ, ಮನೆಗಳ ಬಿಲ್ಲನ್ನು ಮನ್ನಾ ಮಾಡಿತು. ಭಾಷೆ ಒಂದೇ ಆದರೂ ಮೀಟರು ಬೇರೆ. ಅವರ ಲೆಕ್ಕ ನಮಗೆ ಸಲ್ಲದು. ತಾಳವಾಡಿ, ಹೊಸೂರು ಕಡೆಯವರಿಗೆ ತಮಿಳುನಾಡಿನ ದರ, ಜತ್ತ, ಅಕ್ಕಲಕೋಟೆಯವರಿಗೆ ಮಹಾರಾಷ್ಟ್ರದ ದರ. ಅವರವರ ಬಿಲ್ಲು ಅವರವರಿಗೆ.

ತೋಟದ ಪಂಪಿನ ಕೃಷಿ ಸಂಪರ್ಕ ಅಗ್ಗವೆಂದು ಅದರಿಂದ ಬಾಯ್ಲರಿಗೆ ವಯರು ಎಳೆಯುವ ಆಲೋಚನೆ ಯಾರಿಗಾದರೂ ಬಂದಿದ್ದರೆ ಅದನ್ನು ಕೂಡಲೇ ಬಿಟ್ಟುಬಿಡಿ. ಒಂದು ಉದ್ದೇಶಕ್ಕೆ ಪಡೆದ ವಿದ್ಯುತ್ತನ್ನು ಮತ್ತೊಂದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ. ಸಿಕ್ಕಿಬಿದ್ದರೆ ಇಮ್ಮಡಿ ದರ ತೆರಬೇಕಾಗುತ್ತದೆ.

ಯಾವುದನ್ನು ಕೊಳ್ಳಬೇಕು?

25 ಲೀಟರಿನ ಬಾಯ್ಲರು ಅಂದರೆ 25 ಲೀಟರು ಸ್ನಾನದ ನೀರು ಎಂದಲ್ಲ. ಅದರೊಳಗಿನ ನೀರನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ 59 ಲೀಟರು ಹಿತವಾದ ನೀರು ದೊರೆಯುತ್ತದೆ. ಎಂದರೆ ಇಬ್ಬರ ಸ್ನಾನ. ಪುನಃ ಕಾಯಲು ಅರ್ಧ ಗಂಟೆ ಬೇಕು. 15 ಲೀಟರಿನದ್ದರಲ್ಲಿ 35 ಲೀಟರು ಸಿಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಸಾವಕಾಶವಾಗಿ ಮೀಯುವ ಮನೆಗೆ ದೊಡ್ಡದು ಬೇಕೆಂದೇನೂ ಇಲ್ಲ. ತೊಟ್ಟಿ ದೊಡ್ಡದಾದಷ್ಟೂ ಉಳಿದ ನೀರು ಸುಮ್ಮನೆ ಆರುವ ನಷ್ಟವೂ ದೊಡ್ಡದು.

ತೊಟ್ಟಿಯಿಲ್ಲದೆ ಆಗಿಂದಾಗ ಕಾಯಿಸಿ ಕೊಡುವ ಸಣ್ಣ ಬಾಯ್ಲರೂ ಇದೆ; ಬೆಲೆ ಕಡಿಮೆ. ಆದರೆ 3,000 ವಾಟಿನದ್ದು ಸಹ ಮಿನಿಟಿಗೆ ಮೂರು ಲೀಟರಿಗಿಂತ ಹೆಚ್ಚು ಹಿತವಾದ ಬಿಸಿನೀರು ಕೊಡಲಾರದು. 20 ಲೀಟರಿನ ಬಾಲ್ದಿ ತುಂಬಲು ಏಳು ಮಿನಿಟು. ಅದೂ ವೋಲ್ಟೇಜು ಸರಿಯಿದ್ದರೆ.

ವೋಲ್ಟೇಜಿನ ಮಾತು ಹಳ್ಳಿಯವರಿಗೆ ಮುಖ್ಯ. 230 ಇರಬೇಕಾದಲ್ಲಿ 180 ಇದ್ದರೆ 2,000 ವಾಟಿನ ಬಾಯ್ಲರು 1,225 ವಾಟಿಗೆ ಇಳಿಯುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಯುನಿಟ್ಟು ಹೆಚ್ಚು ಹೋಗುವುದಿಲ್ಲ, ಸಮಯ ಹೋಗುತ್ತದೆ. ತೊಟ್ಟಿಯಿರುವ ಬಾಯ್ಲರು ಇದನ್ನು ಸಹಿಸುತ್ತದೆ. ತೊಟ್ಟಿಯಿಲ್ಲದ್ದು ಬೆಚ್ಚನೆಯ ನೀರಿಗೇ ನಿಂತುಬಿಡುತ್ತದೆ.

ಕೊಳ್ಳುವಾಗ ಐ.ಎಸ್.ಐ. ಗುರುತು ಇದೆಯೇ ಎಂದು ನೋಡಿ. ನಕ್ಷತ್ರಗಳ ಚೀಟಿಯನ್ನೂ ಓದಿ. ನಕ್ಷತ್ರ ಹೆಚ್ಚಿದ್ದಷ್ಟೂ ತೊಟ್ಟಿಯ ಹೊದಿಕೆ ಉತ್ತಮ, ನಿಂತ ನೀರು ಆರುವುದು ಕಡಿಮೆ. ದಿನವಿಡೀ ಸ್ವಿಚ್ಚು ಹಾಕಿಟ್ಟರೆ ಯಾರೂ ಮೀಯದೆಯೂ ದಿನಕ್ಕೆ ಅರ್ಧ ಯುನಿಟ್ಟಿನಷ್ಟು ಹೋಗಬಹುದು. ವರ್ಷಕ್ಕೆ ಅದೇ ಸಾವಿರದ ಇನ್ನೂರು ರೂಪಾಯಿ ದಾಟಿತು.

ಬಾಲ್ದಿಗೆ ಇಳಿಸುವ ಕಾಯಿಲು ಅಗ್ಗವೆಂದು ಅನೇಕರು ಬಳಸುತ್ತಾರೆ. ಅದು ತಿನ್ನುವ ಯುನಿಟ್ಟೂ ಅಷ್ಟೇ. ನೀರು ಕಾಯಲು ಬೇಕಾದ ಶಾಖ ಯಾವುದರಿಂದ ಬಂದರೂ ಒಂದೇ. ಆದರೆ ಅಪಾಯ ಹೆಚ್ಚು. ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತ ಮೇಲಲ್ಲದೆ ನೀರಿಗೆ ಬೆರಳು ಅದ್ದಕೂಡದು. ಲೋಹದ ಬಾಲ್ದಿ ಸರ್ವಥಾ ಬೇಡ. ಮಕ್ಕಳಿರುವ ಮನೆಗೆ ಅದು ಹೇಳಿಸಿದ್ದಲ್ಲ.

ಪುಕ್ಕಟೆ ಕಟ್ಟಿಗೆ ಪುಕ್ಕಟೆಯೇ?

ವರ್ಷಕ್ಕೆ ಹತ್ತು ಸಾವಿರವೆಂದಾಗ ನೆರೆಮನೆಯ ಅಣ್ಣ ನಕ್ಕು, “ನಮ್ಮ ಹಂಡೆಗೆ ಹತ್ತು ಪೈಸೆಯೂ ಬೇಡ ಮಾರಾಯ” ಎಂದರು. ಆ ಮಾತನ್ನೂ ತೂಗಿ ನೋಡೋಣವೆಂದು ಒಂದು ವಾರ ಬಚ್ಚಲೊಲೆಗೆ ಹಾಕುವ ಕಟ್ಟಿಗೆಯನ್ನು ತಕ್ಕಡಿಯಲ್ಲಿ ತೂಗಿದೆ. ದಿನಕ್ಕೆ ಸರಾಸರಿ 5 ಕಿಲೋ. ವರ್ಷಕ್ಕೆ 1,825 ಕಿಲೋ.

ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 3,500 ಕಿಲೋಕ್ಯಾಲೊರಿ ಶಾಖವಿದೆ. 5 ಕಿಲೋದಲ್ಲಿ 17,500. ನಮ್ಮ ನೀರಿಗೆ ಬೇಕಾದುದು 2,100. ಎಂದರೆ ನೂರರಲ್ಲಿ 12 ಪಾಲು ನೀರಿಗೆ, 88 ಪಾಲು ಹೊಗೆಗೂ ಗೋಡೆಗೂ ಗಾಳಿಗೂ. ನಾವು ಉರಿಸಿದ್ದು ಹೆಚ್ಚಾಗಿ ಆಕಾಶವನ್ನು ಬಿಸಿಮಾಡಲು!

ಆ 1,825 ಕಿಲೋವನ್ನು ತೋಟದಿಂದ ಎಳೆದು, ಕಡಿದು, ಮಳೆಗೆ ಮುಂಚೆ ಕೊಟ್ಟಗೆಗೆ ಸೇರಿಸಲು ವರ್ಷಕ್ಕೆ ಆರು ಆಳಿನ ಕೆಲಸ. ಈಗಿನ ಸಂಬಳದಲ್ಲಿ ಅದೇ ಆರು ಸಾವಿರ. ಮನೆಯವಳು ಒಲೆಯ ಮುಂದೆ ಕೂರುವುದು ದಿನಕ್ಕೆ 40 ಮಿನಿಟು. ವರ್ಷಕ್ಕೆ 243 ಗಂಟೆ. ಎಂಟು ಗಂಟೆಯ ಕೆಲಸದ ದಿನವೆಂದು ಹಿಡಿದರೆ 30 ದಿನ. ವರ್ಷದಲ್ಲಿ ಒಂದು ತಿಂಗಳು ಬಚ್ಚಲೊಲೆಯ ಚಾಕರಿ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲವಾದುದರಿಂದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಈ ಸಂಖ್ಯೆಯನ್ನು ಅವಳಿಗೆ ಹೇಳಿದಾಗ, “ಲೆಕ್ಕ ಮಾಡಲು ಇಷ್ಟು ವರ್ಷ ಬೇಕಾಯಿತೇ ನಿಮಗೆ?” ಎಂದು ಕೇಳಿದಳು. ಉತ್ತರವಿರಲಿಲ್ಲ.

ಇನ್ನು ಕೃಷಿಕನ ಕಣ್ಣಿನಿಂದ ನೋಡೋಣ. ಸೋಗೆ, ಮಡಲುಗಳನ್ನು ಉರಿಸಿದಾಗ ಅವುಗಳಲ್ಲಿರುವ ಸಾರಜನಕವೂ ಸಾವಯವ ಅಂಶವೂ ಹೊಗೆಯಾಗಿ ಹೋಗುತ್ತವೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷು ಮತ್ತು ಸುಣ್ಣದ ಅಂಶ. ನಮ್ಮ ಹುಳಿ ಮಣ್ಣಿಗೆ ಬೂದಿ ಒಳ್ಳೆಯದೇ; ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸೋಗೆಯನ್ನು ಬುಡಕ್ಕೆ ಹೊದಿಸಿದರೆ ಬೇಸಗೆಯಲ್ಲಿ ತೇವ ಉಳಿಯುತ್ತದೆ, ಮಳೆಗೆ ಮಣ್ಣು ಕೊಚ್ಚುವುದಿಲ್ಲ, ಕೊಳೆತು ಪೂರಾ ಗೊಬ್ಬರವಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ ಕೃಷಿಕರಿಗೆ ಕಲಿಸಿಕೊಟ್ಟಿದ್ದಾರೆ. ನಾನೂ ಹಟ್ಟಿಯ ಹಿಂದೆ ಒಂದು ತೊಟ್ಟಿ ಕಟ್ಟಿಸಿದ್ದೇನೆ. ಒಲೆಯಿಂದ ಉಳಿದ ಮಡಲು ಈಗ ಅಲ್ಲಿಗೆ ಹೋಗುತ್ತದೆ.

ನಾವು ಈಗ ಮಾಡುತ್ತಿರುವುದು

ಹಾಗೆಂದು ಹಂಡೆಯನ್ನು ಮಾರಿಬಿಡಿ ಎಂದು ನಾನು ಹೇಳಲಾರೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದಾಗ ಹಂಡೆಯೇ ಗತಿ. ಬಾಯ್ಲರನ್ನು ಇನ್ವರ್ಟರಿಗೆ ಕೊಡಲು ಆಗದು. ಹಸು ಕರು ಹಾಕಿದಾಗ ಬೇಕಾಗುವ ಕೊಡಗಟ್ಟಲೆ ಬಿಸಿನೀರಿಗೂ ಹಂಡೆಯೇ ಲೇಸು. ದೀಪಾವಳಿಯ ಮುನ್ನಾದಿನ ಹಂಡೆ ತೊಳೆದು, ಕೊರಳಿಗೆ ಹೂಬಳ್ಳಿ ಸುತ್ತಿ ನೀರು ತುಂಬುವ ಸಂಭ್ರಮವನ್ನು ಗೋಡೆಗೆ ತೂಗಿದ ಬಾಯ್ಲರು ಕೊಡಲಾರದು.

ಆದುದರಿಂದ ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ. ಅಮ್ಮನ ಸ್ನಾನ ವರ್ಷವಿಡೀ ಬಾಯ್ಲರಿನಲ್ಲಿ. ಜೂನಿನಿಂದ ಸೆಪ್ಟೆಂಬರದ ವರೆಗೆ ಎಲ್ಲರದೂ ಅದರಲ್ಲೇ; ಹಾಲಿನ ಪಾತ್ರೆ ತೊಳೆಯುವ ಬಿಸಿನೀರೂ ಅಲ್ಲಿಂದಲೇ. ಬೇಸಗೆಯಲ್ಲಿ ನಾನೂ ಮಕ್ಕಳೂ ತಣ್ಣೀರು. ಆದಿತ್ಯವಾರದ ಎಣ್ಣೆಸ್ನಾನಕ್ಕೆ ಹಂಡೆ, ಅದಕ್ಕೆ ಬೆಂಕಿ ಹಾಕುವ ಪಾಳಿ ನನ್ನದು. ಹೀಗೆ ಬಾಯ್ಲರಿನ ಯುನಿಟ್ಟು ಅರ್ಧಕ್ಕೆ ಇಳಿದಿದೆ. ಬಿಲ್ಲು ಗೆರೆ ದಾಟಿಲ್ಲ.

ಬಳಸುವವರು ಇಷ್ಟನ್ನು ತಪ್ಪದೆ ಮಾಡತಕ್ಕದ್ದು. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಸ್ವಿಚ್ಚು ಹಾಕಿ. ಒಳಗೆ ಹೋಗುವ ಮೊದಲು ಆರಿಸಿ. ತಿಂಗಳಿಗೊಮ್ಮೆ ಇ.ಎಲ್.ಸಿ.ಬಿ.ಯ ಪರೀಕ್ಷೆಯ ಗುಂಡಿ ಒತ್ತಿ. ಟಪ್ಪೆಂದು ಬೀಳದಿದ್ದರೆ ಅದು ಕೆಟ್ಟಿದೆಯೆಂದು ತಿಳಿಯಿರಿ. ಗುಡುಗು ಮಿಂಚಿರುವಾಗ ಪ್ಲಗ್ಗು ಕಿತ್ತಿಡಿ. ಸುರಕ್ಷಾ ವಾಲ್ವಿನಿಂದ ತೊಟ್ಟಿಕ್ಕುವ ನೀರನ್ನು ಬಟ್ಟೆ ತುರುಕಿ ನಿಲ್ಲಿಸಬೇಡಿ. ಒಳಗಿನ ಒತ್ತಡ ಹೊರಹೋಗಲೆಂದೇ ಅದನ್ನು ಇಟ್ಟಿರುವುದು. ವರ್ಷಕ್ಕೊಮ್ಮೆ ತೊಟ್ಟಿಯೊಳಗಿನ ಮೆಗ್ನೀಸಿಯಂ ಸಲಾಕೆಯನ್ನು ಪರೀಕ್ಷಿಸಿರಿ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ವಸ್ತು ಅದು. ನಮ್ಮ ಮುರಕಲ್ಲು ನೆಲದ ಬಾವಿಗಳ ಮೆದು, ಹುಳಿ ನೀರಿಗೆ ತುಕ್ಕಿನ ಭಯ; ಕೊಳವೆ ಬಾವಿಯ ಗಡಸು ನೀರಿಗೆ ಕಾಯಿಲಿನ ಮೇಲೆ ಸುಣ್ಣ ಕಟ್ಟುವ ಭಯ. ಎರಡಕ್ಕೂ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದೇ ಮದ್ದು.

ಕೊನೆಯದಾಗಿ, ಕೇಳಿದವರಿಗೆಲ್ಲ ನನ್ನ ಉತ್ತರ ಇದು. ಕೈಯಲ್ಲಿ ಹತ್ತು ಸಾವಿರ ಮಾತ್ರ ಇದ್ದರೆ ಈ ವರ್ಷ ಬಾಯ್ಲರು ಕೊಳ್ಳಬೇಡಿ. ಆ ಹಣದಲ್ಲಿ ಅರ್ತಿನ ಗುಂಡಿ ತೋಡಿಸಿ, ಇ.ಎಲ್.ಸಿ.ಬಿ. ಹಾಕಿಸಿ, ಒಳ್ಳೆಯ ವಯರು ಎಳೆಸಿ. ಅದು ಬಾಯ್ಲರಿಲ್ಲದಿದ್ದರೂ ಮನೆಮಂದಿಯನ್ನೆಲ್ಲ ಕಾಯುತ್ತದೆ. ಮುಂದಿನ ವರ್ಷದ ಅಡಿಕೆ ಮಾರಿದ ಮೇಲೆ ಬಾಯ್ಲರು ತನ್ನಿ. ಒಂದು ಮಳೆಗಾಲ ಹಂಡೆಯ ಹೊಗೆ ಕುಡಿದರೆ ಕೆಮ್ಮು ಬಂದೀತು. ಅರ್ತಿಲ್ಲದ ನಲ್ಲಿ ಮುಟ್ಟಿದರೆ ಕೆಮ್ಮಲೂ ಸಮಯ ಸಿಗದು.

ಅಮ್ಮ ಈಗ ಪುನಃ ಬಾಯ್ಲರಿನ ನೀರಿನಲ್ಲಿ ಮೀಯುತ್ತಾರೆ. ಆದರೆ ನಲ್ಲಿ ತಿರುಗಿಸುವ ಮೊದಲು ದಿನವೂ ಕೇಳುತ್ತಾರೆ: “ಮಗಾ, ಸ್ವಿಚ್ಚು ಆರಿಸಿದ್ದೀಯಷ್ಟೆ?” ನಾನು ಹೋಗಿ ನೋಡಿ ಬಂದೇ “ಹೌದಮ್ಮ” ಎನ್ನುತ್ತೇನೆ.